ಮೊಬೈಲ್‌ಗೆ ವಿಪಿಎನ್ ಆ್ಯಪ್ ಆರಿಸುವ ಮುನ್ನ

ತುಮಕೂರಿನಿಂದ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಹೋಗಿಬರುವ ನೌಕರರು, ಬಿ.ಎಚ್. ರಸ್ತೆಯ ಆಸುಪಾಸಿನ ಪಿ.ಜಿ.ಗಳಲ್ಲಿದ್ದು ಓದುವ ಎಂಜಿನಿಯರಿಂಗ್ ವಿದ್ಯಾರ್ಥಿಗಳು, ವಾರದಲ್ಲಿ ಕೆಲವು ದಿನ ಮನೆಯಿಂದಲೇ ಕಚೇರಿ ಕೆಲಸ ಮಾಡುವವರು ಈಗ ಹೆಚ್ಚಾಗಿ ಕೇಳುವ ಪ್ರಶ್ನೆಯೆಂದರೆ, ಫೋನಿಗೆ ಯಾವ ವಿಪಿಎನ್ (ವರ್ಚುವಲ್ ಪ್ರೈವೇಟ್ ನೆಟ್‌ವರ್ಕ್) ಆ್ಯಪ್ ಹಾಕಿಕೊಳ್ಳಬೇಕು ಎಂಬುದು. ಗೂಗಲ್ ಪ್ಲೇ ತೆರೆದು ಹುಡುಕಿದರೆ ಸಾಲುಗಟ್ಟಿ ಆ್ಯಪ್‌ಗಳು ಬರುತ್ತವೆ. ಹೆಚ್ಚಿನವುಗಳ ಚಿಹ್ನೆ ಗುರಾಣಿ ಇಲ್ಲವೇ ಬೀಗ, ಎಲ್ಲವೂ ವೇಗವನ್ನೂ ಸುರಕ್ಷತೆಯನ್ನೂ ಒಂದೇ ಮಾತಿನಲ್ಲಿ ಸಾರುತ್ತವೆ. ನಕ್ಷತ್ರಗಳ ಎಣಿಕೆಯಾಗಲಿ, ಡೌನ್‌ಲೋಡ್ ಲೆಕ್ಕವಾಗಲಿ ಇಲ್ಲಿ ಹೆಚ್ಚು ನೆರವಿಗೆ ಬರುವುದಿಲ್ಲ. ಕ್ಯಾಮೆರಾ ಆ್ಯಪ್ ಚೆನ್ನಾಗಿಲ್ಲದಿದ್ದರೆ ಚಿತ್ರ ನೋಡಿದ ಕೂಡಲೇ ತಿಳಿಯುತ್ತದೆ; ವಿಪಿಎನ್ ಆ್ಯಪ್ ಚೆನ್ನಾಗಿಲ್ಲದಿದ್ದರೆ, ಅದು ಸರಾಗವಾಗಿ ಕೆಲಸ ಮಾಡುತ್ತಿರುವಂತೆಯೇ ತೋರುತ್ತ, ಬಳಸುವವರಿಗೆ ವರ್ಷಗಟ್ಟಲೆ ಸುಳಿವೂ ಸಿಗದೆ ಹೋಗಬಹುದು. ಆದ್ದರಿಂದ ಹೆಸರುಗಳ ಪಟ್ಟಿಗಿಂತ ಮೊದಲು ಅದು ಮಾಡುವ ಕೆಲಸವನ್ನು ಅರಿಯಬೇಕಾಗುತ್ತದೆ.

ವಿಪಿಎನ್ ಇಲ್ಲದಿರುವಾಗ ಫೋನಿನ ಪ್ರತಿಯೊಂದು ಬೇಡಿಕೆಯೂ ಮೊಬೈಲ್ ಕಂಪನಿಯ ಟವರ್ ಮೂಲಕವೋ, ಮನೆಯ ಬ್ರಾಡ್‌ಬ್ಯಾಂಡ್ ಮೂಲಕವೋ ಹಾದು ಜಾಲತಾಣದ ಸರ್ವರ್ ತಲುಪುತ್ತದೆ. ಇಂದು ಬಹುತೇಕ ತಾಣಗಳೂ ಆ್ಯಪ್‌ಗಳೂ ಎಚ್‌ಟಿಟಿಪಿಎಸ್ ಬಳಸುವುದರಿಂದ ಪಾಸ್‌ವರ್ಡ್, ಸಂದೇಶ, ಬ್ಯಾಂಕಿನ ಶಿಲ್ಕು ಎಲ್ಲವೂ ಗೂಢಲಿಪಿಯಲ್ಲಿಯೇ ಸಾಗುತ್ತವೆ. ನಡುವೆ ಇರುವವರು ಅದನ್ನು ಓದಲಾರರು. ಆದರೆ ನೀವು ಯಾವ ತಾಣಕ್ಕೆ ಹೋದಿರಿ ಎಂಬುದು ಅವರಿಗೆ ಸಾಮಾನ್ಯವಾಗಿ ಕಾಣುತ್ತದೆ. ತಾಣದ ಹೆಸರನ್ನು ಐಪಿ ವಿಳಾಸವಾಗಿ, ಅಂದರೆ ಅಂತರಜಾಲ ಬಳಸುವ ಅಂಕಿಗಳ ವಿಳಾಸವಾಗಿ ತಿಳಿಸಿಕೊಡುವ ಡಿಎನ್‌ಎಸ್ ವಿಚಾರಣೆಯಲ್ಲೂ, ಸಂಪರ್ಕ ಆರಂಭವಾಗುವ ಮೊದಲ ಹೆಜ್ಜೆಯಲ್ಲೂ ಆ ಹೆಸರು ಬಹುಮಟ್ಟಿಗೆ ತೆರೆದೇ ಹೋಗುತ್ತದೆ. ಅಂಟಿಸಿ ಅಂಚೆಗೆ ಹಾಕಿದ ಲಕೋಟೆಯ ಒಳಗಿನ ಕಾಗದ ಕಾಣದಿದ್ದರೂ ಮೇಲಿನ ವಿಳಾಸ ಎಲ್ಲರಿಗೂ ಕಾಣುವಂತೆಯೇ ಇದು. ವಿಪಿಎನ್ ಆ್ಯಪ್ ಆ ಲಕೋಟೆಯನ್ನು ಇನ್ನೊಂದು ದೊಡ್ಡ ಲಕೋಟೆಯೊಳಗೆ ಇಟ್ಟು, ಮೇಲೆ ತನ್ನ ಸರ್ವರಿನ ವಿಳಾಸವನ್ನು ಮಾತ್ರ ಬರೆದು ಕಳಿಸುತ್ತದೆ. ಆ ಸರ್ವರ್ ಹೊರಗಿನ ಲಕೋಟೆಯನ್ನು ಬಿಚ್ಚಿ, ಒಳಗಿನದನ್ನು ತನ್ನ ಹೆಸರಿನಲ್ಲಿ ಮುಂದಕ್ಕೆ ಕಳಿಸುತ್ತದೆ. ಉತ್ತರವೂ ಅದೇ ದಾರಿಯಲ್ಲಿ ಹಿಂತಿರುಗುತ್ತದೆ.

ಇದರಿಂದ ಎರಡು ಬದಲಾವಣೆಗಳಾಗುತ್ತವೆ. ಮೊಬೈಲ್ ಕಂಪನಿಗೂ, ವೈಫೈ ನಡೆಸುವವರಿಗೂ ನಿಮ್ಮ ಫೋನ್ ಒಂದೇ ಒಂದು ಸರ್ವರಿನೊಂದಿಗೆ ಮಾತನಾಡುತ್ತಿರುವಂತೆ ಕಾಣುತ್ತದೆ; ಜಾಲತಾಣಗಳಿಗೆ ನಿಮ್ಮ ಐಪಿ ವಿಳಾಸದ ಬದಲು ಆ ಸರ್ವರಿನ ವಿಳಾಸ ಕಾಣುತ್ತದೆ. ಆದರೆ ಮೊದಲು ಮೊಬೈಲ್ ಕಂಪನಿಗೆ ಕಾಣುತ್ತಿದ್ದುದೆಲ್ಲ ಈಗ ವಿಪಿಎನ್ ಕಂಪನಿಗೆ ಕಾಣುತ್ತದೆ. ಮೊಬೈಲ್ ಕಂಪನಿ ಯಾವುದೆಂದು ನಿಮಗೆ ಗೊತ್ತು, ಅದಕ್ಕೆ ಇಲ್ಲಿನ ಪರವಾನಗಿ ಇದೆ, ದೂರು ಕೊಡಲು ಒಂದು ಜಾಗವಿದೆ. ವಿಪಿಎನ್ ಕಂಪನಿ ಯಾರದು, ಯಾವ ದೇಶದ್ದು, ಯಾವ ಕಾನೂನಿಗೆ ಒಳಪಟ್ಟದ್ದು ಎಂದು ಬಳಸುವವರಲ್ಲಿ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ವಿಪಿಎನ್ ಆರಿಸುವುದೆಂದರೆ ನಂಬಿಕೆಯನ್ನು ಒಬ್ಬರ ಕೈಯಿಂದ ತೆಗೆದು ಇನ್ನೊಬ್ಬರ ಕೈಗೆ ಕೊಡುವುದು. ಉಳಿದ ಗುಣಗಳನ್ನೆಲ್ಲ ಈ ಒಂದು ಮಾತಿನ ಬೆಳಕಿನಲ್ಲಿ ತೂಗಬೇಕು.

ಅದು ಮಾಡದ ಕೆಲಸಗಳನ್ನೂ ಹೇಳಿಬಿಡಬೇಕು, ಏಕೆಂದರೆ ಜಾಹೀರಾತುಗಳು ಇವನ್ನು ಹೇಳುವುದಿಲ್ಲ. ಗೂಗಲ್ ಅಥವಾ ಫೇಸ್‌ಬುಕ್ ಖಾತೆಗೆ ಲಾಗಿನ್ ಆಗಿರುವಾಗ ನೀವು ಯಾರೆಂದು ಅವಕ್ಕೆ ಗೊತ್ತೇ ಇರುತ್ತದೆ, ವಿಪಿಎನ್ ಅದನ್ನು ಮರೆಮಾಡುವುದಿಲ್ಲ. ಲೊಕೇಶನ್ ಅನುಮತಿ ಪಡೆದ ಆ್ಯಪ್‌ಗೆ ಜಿಪಿಎಸ್ ಮೂಲಕ ನೀವು ಸಿದ್ಧಗಂಗಾ ಮಠದ ಬಳಿ ಇದ್ದೀರೋ ಬಟವಾಡಿಯಲ್ಲಿ ಇದ್ದೀರೋ ಎಂಬುದು ಐಪಿ ವಿಳಾಸದ ಹಂಗಿಲ್ಲದೆ ತಿಳಿಯುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಮದುವೆ ಆಮಂತ್ರಣ, ಚಲನ್ ರಸೀದಿ ಎಂಬ ಹೆಸರಿನಲ್ಲಿ ಬರುವ ಎಪಿಕೆ ಕಡತವನ್ನು ತೆರೆದು ಸ್ಥಾಪಿಸಿಕೊಂಡರೆ, ಅದು ನಿಮ್ಮ ಎಸ್‌ಎಂಎಸ್ ಓದುವುದನ್ನು ಯಾವ ವಿಪಿಎನ್ ಕೂಡ ತಡೆಯಲಾರದು; ಒಟಿಪಿ ಕೇಳಿ ಬರುವ ಕರೆಯ ಮುಂದೆಯೂ ಅದು ನಿರುಪಾಯ. ಬ್ಯಾಂಕ್ ಮತ್ತು ಯುಪಿಐ ಆ್ಯಪ್‌ಗಳು ತಮ್ಮದೇ ಗೂಢಲಿಪಿಯಲ್ಲಿ ಸಂಪರ್ಕ ಸಾಧಿಸುವುದರಿಂದ, ಹಣದ ಸುರಕ್ಷತೆಗೆಂದೇ ವಿಪಿಎನ್ ಹುಡುಕುವವರಿಗೆ ಅದರಿಂದ ಸಿಗುವ ಲಾಭ ತೀರ ಕಡಿಮೆ.

ಹಾಗಿದ್ದರೆ ಅದು ಯಾರಿಗೆ ಬೇಕು? ಈ ಪ್ರಶ್ನೆಗೆ ಕೊಡುವ ಉತ್ತರವೇ ಯಾವ ಬಗೆಯ ಆ್ಯಪ್ ಬೇಕೆಂಬುದನ್ನು ಅರ್ಧ ತೀರ್ಮಾನಿಸಿಬಿಡುತ್ತದೆ. ಕಚೇರಿಯ ಒಳಜಾಲಕ್ಕೆ ಸೇರಬೇಕಾದವರಿಗೆ ಆಯ್ಕೆಯೇ ಇಲ್ಲ; ಕಚೇರಿ ಯಾವ ಕ್ಲೈಂಟ್ (ಫೋನನ್ನು ವಿಪಿಎನ್ ಸರ್ವರಿಗೆ ಸೇರಿಸುವ ಆ್ಯಪ್) ಕೊಡುತ್ತದೆಯೋ ಅದನ್ನೇ ಬಳಸಬೇಕು, ಅದರ ಜೊತೆಗೆ ಬೇರೊಂದು ವಿಪಿಎನ್ ಹಾಕಿದರೆ ಎರಡೂ ಒಂದನ್ನೊಂದು ಕಡಿದುಹಾಕುತ್ತವೆ, ಏಕೆಂದರೆ ಆಂಡ್ರಾಯ್ಡ್ ಒಂದು ಹೊತ್ತಿಗೆ ಒಂದೇ ವಿಪಿಎನ್ ಚಾಲನೆಯಲ್ಲಿರಲು ಬಿಡುತ್ತದೆ. ರೈಲು ನಿಲ್ದಾಣದ ಉಚಿತ ವೈಫೈ, ಲಾಡ್ಜ್, ಹಾಸ್ಟೆಲ್, ಕಾಲೇಜು ಜಾಲ ಬಳಸುವವರಿಗೆ, ತಾವು ಏನನ್ನು ಓದುತ್ತೇವೆ ಎಂಬ ವಿವರ ಕಂಡವರ ಕೈಗೆ ಸಿಗಬಾರದು ಎನ್ನುವವರಿಗೆ ಸಾರ್ವಜನಿಕ ವಿಪಿಎನ್ ಸೇವೆ ಹೊಂದುತ್ತದೆ. ಮೂರನೆಯ ಬಗೆಯವರು ಅಷ್ಟಾಗಿ ಯಾರ ಗಮನಕ್ಕೂ ಬಾರದವರು. ತಿಪಟೂರಿನ ಕೊಬ್ಬರಿ ಗೋದಾಮಿನ ಕ್ಯಾಮೆರಾಗಳನ್ನು ಮನೆಯಿಂದ ನೋಡಬೇಕಾದ ವರ್ತಕರು, ವಸಂತನರಸಾಪುರದ ಸಣ್ಣ ಕಾರ್ಖಾನೆಯ ಲೆಕ್ಕದ ಕಂಪ್ಯೂಟರಿಗೆ ಊರಿಂದ ಸೇರಬೇಕಾದವರು ಈ ಗುಂಪಿಗೆ ಸೇರುತ್ತಾರೆ. ಇವರು ಹಣ ಕೊಟ್ಟು ವಿದೇಶಿ ಸೇವೆ ಕೊಳ್ಳುವುದರಿಂದ ಏನೂ ಆಗದು. ತಮ್ಮದೇ ರೂಟರ್ ಅಥವಾ ಬಾಡಿಗೆ ಸರ್ವರಿನಲ್ಲಿ ವಿಪಿಎನ್ ನಡೆಸಿ, ಫೋನಿನಲ್ಲಿ ಬರಿಯ ಕ್ಲೈಂಟ್ ಆ್ಯಪ್ ಇಟ್ಟುಕೊಂಡರೆ ಸಾಕು. ಇಲ್ಲೊಂದು ತೊಡಕಿದೆ: ನಮ್ಮ ಬಹುಪಾಲು ಮೊಬೈಲ್ ಮತ್ತು ಹಲವು ಬ್ರಾಡ್‌ಬ್ಯಾಂಡ್ ಸಂಪರ್ಕಗಳಲ್ಲಿ ಹಲವಾರು ಗ್ರಾಹಕರಿಗೆ ಒಂದೇ ಸಾರ್ವಜನಿಕ ಐಪಿ ವಿಳಾಸ ಹಂಚಿರುವುದರಿಂದ ಹೊರಗಿನಿಂದ ನೇರವಾಗಿ ಒಳಬರಲು ದಾರಿ ಇರುವುದಿಲ್ಲ. ಆದ್ದರಿಂದ ಕಂಪನಿಯನ್ನು ಕೇಳಿ ಸ್ಥಿರ ಐಪಿ ವಿಳಾಸ ಪಡೆಯಬೇಕಾಗಬಹುದು.

ಫೋನಿನಲ್ಲಿ ವಿಪಿಎನ್ ಆ್ಯಪ್‌ಗೆ ಸಿಗುವ ಅಧಿಕಾರ ಇತರ ಆ್ಯಪ್‌ಗಳಿಗೆ ಸಿಗುವಂಥದ್ದಲ್ಲ. 2011ರಲ್ಲಿ ಬಂದ ಆಂಡ್ರಾಯ್ಡ್ 4.0 ಆವೃತ್ತಿಯಿಂದ, ಫೋನನ್ನು ರೂಟ್ ಮಾಡದೆಯೇ, ಅಂದರೆ ಅದರ ಮೂಲ ವ್ಯವಸ್ಥೆಯ ಬೀಗ ಒಡೆಯದೆಯೇ, ಯಾವುದೇ ಆ್ಯಪ್ ವಿಪಿಎನ್ ಆಗಿ ಕೆಲಸ ಮಾಡಲು ವ್ಯವಸ್ಥೆ ಇದೆ. ಮೊದಲ ಸಲ ಸಂಪರ್ಕಿಸುವಾಗ ಒಂದು ಎಚ್ಚರಿಕೆಯ ಚೌಕ ಬರುತ್ತದೆ; ಅದಕ್ಕೆ ಒಪ್ಪಿಗೆ ಕೊಟ್ಟ ಕ್ಷಣದಿಂದ ಫೋನಿನ ಎಲ್ಲ ಆ್ಯಪ್‌ಗಳ ಸಂಚಾರವೂ ಆ ಒಂದು ಆ್ಯಪ್ ಮೂಲಕ ಹರಿಯುತ್ತದೆ, ಮೇಲಿನ ಪಟ್ಟಿಯಲ್ಲಿ ಸಣ್ಣ ಕೀಲಿಕೈ ಚಿಹ್ನೆ ಕಾಣಿಸಿಕೊಳ್ಳುತ್ತದೆ. ಐಫೋನಿನಲ್ಲಿ ಪಾಸ್‌ಕೋಡ್ ಕೇಳಿ ವಿಪಿಎನ್ ಸಂರಚನೆಯೊಂದನ್ನು ಸೇರಿಸಲಾಗುತ್ತದೆ. ಸಂಪರ್ಕ ಪಟ್ಟಿ, ಎಸ್‌ಎಂಎಸ್, ಮೈಕ್, ಲೊಕೇಶನ್ ಯಾವುದೂ ಈ ಕೆಲಸಕ್ಕೆ ಬೇಕಿಲ್ಲ. ಅವನ್ನು ಕೇಳುವ ವಿಪಿಎನ್ ಆ್ಯಪ್ ಕಂಡರೆ ಅಲ್ಲಿಯೇ ನಿಲ್ಲಿಸಿ, ತೆಗೆದುಹಾಕುವುದು ಒಳ್ಳೆಯದು. ಲೊಕೇಶನ್ ವಿಷಯದಲ್ಲಿ ಮಾತ್ರ ಒಂದು ವಿನಾಯಿತಿ: ವೈಫೈ ಹೆಸರನ್ನು ಗುರುತಿಸಿ ತಾನೇ ಚಾಲೂ ಆಗುವ ಸೌಲಭ್ಯಕ್ಕಾಗಿ ಕೆಲವು ಒಳ್ಳೆಯ ಆ್ಯಪ್‌ಗಳೂ ಲೊಕೇಶನ್ ಅನುಮತಿ ಕೇಳುವುದುಂಟು. ಅದನ್ನು ನಿರಾಕರಿಸಿದರೂ ಉಳಿದ ಕೆಲಸ ನಡೆಯಬೇಕು.

ಈ ಅಧಿಕಾರ ಹೇಗೆ ದುರ್ಬಳಕೆಯಾಗಿದೆ ಎಂಬುದಕ್ಕೆ ದಾಖಲೆಗಳಿವೆ, ಅವನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಅವಶ್ಯ. ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆಯ ಸಂಶೋಧಕರು ಇತರರೊಡನೆ ಸೇರಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 283 ಆಂಡ್ರಾಯ್ಡ್ ವಿಪಿಎನ್ ಆ್ಯಪ್‌ಗಳನ್ನು ಪರೀಕ್ಷಿಸಿದ್ದರು. ಅವುಗಳಲ್ಲಿ ಶೇ 38ರಷ್ಟರಲ್ಲಿ ದುರುದ್ದೇಶದ ಕೋಡ್ ಇರುವ ಲಕ್ಷಣ ಕಂಡುಬಂತು, ಶೇ 75ರಷ್ಟು ಆ್ಯಪ್‌ಗಳು ಬಳಕೆದಾರರ ಜಾಡು ಹಿಡಿಯುವ ಮೂರನೆಯವರ ಸಲಕರಣೆಗಳನ್ನು ಒಳಗೊಂಡಿದ್ದವು, ಶೇ 18ರಷ್ಟು ಸಂಚಾರವನ್ನು ಗೂಢಲಿಪಿಗೆ ಬದಲಿಸುತ್ತಲೇ ಇರಲಿಲ್ಲ. ಗೂಢಲಿಪಿಯೇ ಇಲ್ಲದ ವಿಪಿಎನ್‌ನಲ್ಲಿಯೂ ಕೀಲಿಕೈ ಚಿಹ್ನೆ ಕಾಣುತ್ತದೆ ಎಂಬುದನ್ನು ನೆನಪಿಡಬೇಕು. ಆ ಚಿಹ್ನೆ ಸುರಕ್ಷತೆಯ ಪ್ರಮಾಣಪತ್ರವಾಗಿ ಇರುವುದಲ್ಲ, ವಿಪಿಎನ್ ಚಾಲನೆಯಲ್ಲಿದೆ ಎಂದು ತಿಳಿಸುವುದಷ್ಟೇ ಅದರ ಕೆಲಸ.

ಫೇಸ್‌ಬುಕ್ 2013ರಲ್ಲಿ ಕೊಂಡುಕೊಂಡ ಒನಾವೊ ಎಂಬ ಕಂಪನಿಯ ವಿಪಿಎನ್ ಆ್ಯಪ್ ಬಳಕೆದಾರರನ್ನು ರಕ್ಷಿಸುವುದಾಗಿ ಹೇಳಿಕೊಂಡು, ಅವರು ಬೇರೆ ಯಾವ ಆ್ಯಪ್‌ಗಳನ್ನು ಎಷ್ಟು ಬಳಸುತ್ತಾರೆ ಎಂಬ ಮಾಹಿತಿಯನ್ನು ಮಾಲೀಕ ಕಂಪನಿಯ ವ್ಯಾಪಾರಿ ಉದ್ದೇಶಗಳಿಗೆ ಸಂಗ್ರಹಿಸುತ್ತಿತ್ತು. ಆ್ಯಪಲ್ ಆಕ್ಷೇಪ ಎತ್ತಿದ ಬಳಿಕ 2018ರಲ್ಲಿ ಅದು ಆ್ಯಪ್ ಸ್ಟೋರ್‌ನಿಂದ ಹೊರಬಿತ್ತು, ಮರುವರ್ಷ ಪೂರ್ತಿ ಮುಚ್ಚಿತು. 2023ರಲ್ಲಿ ಆಸ್ಟ್ರೇಲಿಯಾದ ಫೆಡರಲ್ ನ್ಯಾಯಾಲಯ ಈ ವಿಷಯವಾಗಿ ಫೇಸ್‌ಬುಕ್‌ನ ಮಾತೃಸಂಸ್ಥೆ ಮೆಟಾದ ಎರಡು ಅಂಗಸಂಸ್ಥೆಗಳಿಗೆ ಒಟ್ಟು 2 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು. ಹೋಲಾ ಎಂಬ ಉಚಿತ ಸೇವೆ ಬಳಕೆದಾರರ ಸಂಪರ್ಕವನ್ನೇ ಬೇರೆಯವರಿಗೆ ಹಾದಿಯಾಗಿ ಮಾರುತ್ತಿದ್ದುದು 2015ರಲ್ಲಿ ಹೊರಬಂತು. ಅಂದರೆ ಗುರುತು ಪರಿಚಯವಿಲ್ಲದ ಯಾರೋ ಮಾಡಿದ ಕೆಲಸ ನಿಮ್ಮ ಐಪಿ ವಿಳಾಸದಿಂದ ನಡೆದಂತೆ ದಾಖಲಾಗುತ್ತದೆ, ವಿಚಾರಣೆ ನಿಮ್ಮ ಮನೆ ಬಾಗಿಲಿಗೆ ಬರುತ್ತದೆ. 2024ರ ಮೇ ತಿಂಗಳಲ್ಲಿ ಅಮೆರಿಕದ ನ್ಯಾಯ ಇಲಾಖೆ ಬಯಲಿಗೆಳೆದ 911 ಎಸ್5 ಜಾಲವೂ ಇದೇ ಬಗೆಯದು: ಮಾಸ್ಕ್‌ವಿಪಿಎನ್, ಡ್ಯೂವಿಪಿಎನ್ ಮುಂತಾದ ಉಚಿತ ತಂತ್ರಾಂಶಗಳ ಮೂಲಕ ಸುಮಾರು 190 ದೇಶಗಳ 1.9 ಕೋಟಿಗೂ ಹೆಚ್ಚು ಐಪಿ ವಿಳಾಸಗಳನ್ನು ವಂಚಕರಿಗೆ ಬಾಡಿಗೆಗೆ ಕೊಡಲಾಗಿತ್ತು. ಅದು ನಡೆದದ್ದು ವಿಂಡೋಸ್ ಕಂಪ್ಯೂಟರುಗಳಲ್ಲಾದರೂ ಫೋನಿಗೆ ಉಚಿತ ವಿಪಿಎನ್ ಹುಡುಕುವವರಿಗೂ ಅದರಲ್ಲಿ ಪಾಠವಿದೆ.

ಸರ್ವರ್ ನಡೆಸಲು, ಡೇಟಾ ಹರಿಸಲು ನಿಜವಾದ ಖರ್ಚಿದೆ. ಆ ಖರ್ಚನ್ನು ಯಾರು ತೆರುತ್ತಾರೆ ಎಂಬ ಪ್ರಶ್ನೆಗೆ ಉಚಿತ ಆ್ಯಪ್ ಸ್ಪಷ್ಟ ಉತ್ತರ ಕೊಡಬೇಕು. ಹಣ ಕೊಡುವ ಗ್ರಾಹಕರ ದುಡ್ಡಿನಿಂದಲೇ ಉಚಿತ ವಿಭಾಗವನ್ನೂ ನಡೆಸುವ ಸೇವೆಗಳಿವೆ. ಸ್ವಿಟ್ಜರ್ಲೆಂಡಿನ ಪ್ರೋಟಾನ್ ವಿಪಿಎನ್ ಜಾಹೀರಾತಿಲ್ಲದೆ, ಡೇಟಾ ಮಿತಿಯಿಲ್ಲದೆ ಉಚಿತ ಸೇವೆ ಕೊಡುತ್ತದೆ. ಸರ್ವರ್ ಆಯ್ಕೆಯ ಸ್ವಾತಂತ್ರ್ಯ ಮತ್ತು ವೇಗ ಮಾತ್ರ ಕಡಿಮೆ. ಅದರ ಆ್ಯಪ್‌ಗಳ ಮೂಲಸಂಕೇತ (ಸೋರ್ಸ್ ಕೋಡ್) 2020ರಿಂದ ಎಲ್ಲರಿಗೂ ತೆರೆದಿದೆ. ಹಣ ಕೊಡಲಾಗದ ವಿದ್ಯಾರ್ಥಿ ಉಚಿತ ವಿಪಿಎನ್ ಬೇಕೆಂದರೆ ಇಂಥ ಮಾದರಿಯದನ್ನೇ ಹುಡುಕಬೇಕು. ಪುಟಕ್ಕೊಂದು ಜಾಹೀರಾತು ತೋರಿಸುವ, ಮಾಲೀಕರ ಹೆಸರಿಲ್ಲದ, ಸಂಪರ್ಕಕ್ಕೆ ಒಂದು ಜಿಮೇಲ್ ವಿಳಾಸ ಮಾತ್ರ ಕೊಟ್ಟಿರುವ ಆ್ಯಪ್‌ಗೆ ಕೋಟಿ ಡೌನ್‌ಲೋಡ್ ಇದ್ದರೂ ಅದು ಬೇಡ ಎಂದೇ ನನ್ನ ಖಚಿತ ಅಭಿಪ್ರಾಯ.

ಗೂಗಲ್ ಪ್ಲೇಯಲ್ಲಿ ಆ್ಯಪ್‌ನ ಪುಟವನ್ನು ಕೆಳಗಿನವರೆಗೆ ಓದಿದರೆ ತಯಾರಕರ ವಿಳಾಸ, ಜಾಲತಾಣ, ಖಾಸಗಿತನ ನೀತಿ, ಯಾವ ಮಾಹಿತಿ ಸಂಗ್ರಹಿಸುತ್ತಾರೆಂಬ ಘೋಷಣೆ ಸಿಗುತ್ತವೆ. ಆ ಘೋಷಣೆ ತಯಾರಕರೇ ಬರೆದದ್ದೆಂಬ ಎಚ್ಚರವಿರಲಿ. 2025ರ ಜನವರಿಯಿಂದ ಕೆಲವು ವಿಪಿಎನ್ ಆ್ಯಪ್‌ಗಳಿಗೆ ಗೂಗಲ್ ‘ವೆರಿಫೈಡ್’ ಎಂಬ ಗುರುತು ಕೊಡುತ್ತಿದೆ. ಹೊರಗಿನ ಭದ್ರತಾ ಪರೀಕ್ಷೆಯಲ್ಲಿ ಉತ್ತೀರ್ಣವಾಗಿರಬೇಕು, ಕನಿಷ್ಠ 10,000 ಸ್ಥಾಪನೆ, 250 ವಿಮರ್ಶೆ, 90 ದಿನಗಳ ಅಸ್ತಿತ್ವ ಇರಬೇಕು ಎಂಬವು ಅದರ ಷರತ್ತುಗಳಲ್ಲಿ ಸೇರಿವೆ. ಇದು ಜೊಳ್ಳನ್ನು ಬೇರ್ಪಡಿಸಲು ಉಪಯೋಗಕ್ಕೆ ಬರುತ್ತದೆ. ಆದರೆ ಪರೀಕ್ಷೆಗೆ ಒಳಗಾಗುವುದು ಆ್ಯಪ್. ದೂರದ ಸರ್ವರಿನಲ್ಲಿ ಏನು ದಾಖಲಾಗುತ್ತಿದೆ ಎಂಬುದನ್ನು ಆ ಗುರುತು ಹೇಳಲಾರದು.

ದಾಖಲೆ ಇಡುವುದಿಲ್ಲ ಎಂಬ ಮಾತನ್ನು ಬಹುತೇಕ ಎಲ್ಲ ಸೇವೆಗಳೂ ಹೇಳುತ್ತವೆ. ಅದನ್ನು ನಂಬಲು ಆಧಾರ ಬೇಕು. 2020ರ ಜುಲೈನಲ್ಲಿ ಯುಎಫ್‌ಒ ವಿಪಿಎನ್ ಸೇರಿದಂತೆ ಹಾಂಗ್‌ಕಾಂಗ್ ಮೂಲದ ಏಳು ವಿಪಿಎನ್ ಆ್ಯಪ್‌ಗಳ ಸರ್ವರ್ ಯಾವ ಬೀಗವೂ ಇಲ್ಲದೆ ಅಂತರಜಾಲಕ್ಕೆ ತೆರೆದುಕೊಂಡಿದ್ದುದು ಪತ್ತೆಯಾಯಿತು; ದಾಖಲೆಯನ್ನೇ ಇಡುವುದಿಲ್ಲ ಎಂದಿದ್ದ ಆ ಸೇವೆಗಳ ಬಳಕೆದಾರರ ಚಟುವಟಿಕೆಯ ದಾಖಲೆ ಅಲ್ಲಿ ರಾಶಿ ಬಿದ್ದಿತ್ತು. ಇದಕ್ಕೆ ವಿರುದ್ಧವಾದ ಉದಾಹರಣೆಗಳೂ ಇವೆ. ಅಮೆರಿಕದ ಪ್ರೈವೇಟ್ ಇಂಟರ್ನೆಟ್ ಆ್ಯಕ್ಸೆಸ್ ಕಂಪನಿಯಿಂದ 2016ರಲ್ಲಿ ಎಫ್‌ಬಿಐ ಮಾಹಿತಿ ಕೇಳಿದಾಗ, ನಿರ್ದಿಷ್ಟ ಬಳಕೆದಾರನನ್ನು ಗುರುತಿಸುವ ದಾಖಲೆ ಅದರ ಬಳಿ ಇರಲಿಲ್ಲವೆಂಬುದು ನ್ಯಾಯಾಲಯದ ಕಡತದಲ್ಲಿದೆ. ಸ್ವೀಡನ್ನಿನ ಮುಲ್‌ವಾಡ್ ಎಂಬ ವಿಪಿಎನ್ ಸೇವೆಯ ಕಚೇರಿಗೆ 2023ರ ಏಪ್ರಿಲ್‌ನಲ್ಲಿ ಪೊಲೀಸರು ಶೋಧಕ್ಕೆ ಬಂದು ಗ್ರಾಹಕರ ಮಾಹಿತಿ ಇಲ್ಲದ ಕಾರಣ ಬರಿಗೈಯಲ್ಲಿ ಹಿಂತಿರುಗಿದರು. ಆ ಸೇವೆ ಖಾತೆಗೆ ಹೆಸರನ್ನೂ ಇಮೇಲನ್ನೂ ಕೇಳುವುದಿಲ್ಲ, ಒಂದು ಸಂಖ್ಯೆಯನ್ನು ಮಾತ್ರ ಕೊಡುತ್ತದೆ. ಹೀಗೆ ಒತ್ತಡ ಬಂದಾಗ ಉಳಿದ ಮಾತಿಗೆ ಹೆಚ್ಚು ಬೆಲೆ. ಅದಿಲ್ಲದಿದ್ದರೆ ಸ್ವತಂತ್ರ ಸಂಸ್ಥೆಯೊಂದು ಸರ್ವರ್‌ಗಳನ್ನೂ ಪರಿಶೀಲಿಸಿದ ವರದಿ ಇದೆಯೇ, ಅದು ಪೂರ್ತಿ ಪ್ರಕಟವಾಗಿದೆಯೇ, ಯಾವ ವರ್ಷದ್ದು ಎಂದು ನೋಡಬೇಕು.

ಭಾರತದ ಕಾನೂನಿನ ಸ್ಥಿತಿಯನ್ನೂ ಇಲ್ಲಿ ಸ್ಪಷ್ಟಪಡಿಸಬೇಕು. ದೇಶದಲ್ಲಿ ವಿಪಿಎನ್ ಬಳಕೆಗೆ ಸಾರ್ವತ್ರಿಕ ನಿಷೇಧವಿಲ್ಲ. ಅದರ ಮರೆಯಲ್ಲಿ ಮಾಡಿದ ಅಪರಾಧ ಅಪರಾಧವೇ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಹೊರಡಿಸಿದ ನಿರ್ದೇಶನದ ಪ್ರಕಾರ, ವಿಪಿಎನ್ ಸೇವೆ ಕೊಡುವವರು ಗ್ರಾಹಕರ ಹೆಸರು, ವಿಳಾಸ, ಸಂಪರ್ಕ ಸಂಖ್ಯೆ, ಕೊಟ್ಟ ಐಪಿ ವಿಳಾಸ, ಸೇವೆ ಪಡೆದ ಉದ್ದೇಶ ಮುಂತಾದ ವಿವರಗಳನ್ನು ಕನಿಷ್ಠ 5 ವರ್ಷ ಕಾಪಿಡಬೇಕು. ಕಂಪನಿಗಳು ತಮ್ಮ ನೌಕರರಿಗಾಗಿ ನಡೆಸುವ ವಿಪಿಎನ್‌ಗೆ ಇದು ಅನ್ವಯಿಸದು. ನಿಯಮ ಜಾರಿಯಾಗುವ ಮುನ್ನವೇ ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್, ಪ್ರೋಟಾನ್ ಮೊದಲಾದವು ಭಾರತದಲ್ಲಿದ್ದ ತಮ್ಮ ಸರ್ವರ್‌ಗಳನ್ನು ತೆಗೆದುಬಿಟ್ಟವು. ಹಾಗಾಗಿ ಆ್ಯಪ್‌ನ ಪಟ್ಟಿಯಲ್ಲಿ ಭಾರತ ಎಂದು ಕಂಡರೂ ಆ ಸರ್ವರ್ ನಿಜವಾಗಿ ಸಿಂಗಪುರದಲ್ಲೋ ಯುರೋಪಿನಲ್ಲೋ ಇರಬಹುದು. ಭಾರತೀಯ ಐಪಿ ವಿಳಾಸ ಮಾತ್ರ ಅದಕ್ಕಿರುತ್ತದೆ. ತುಮಕೂರಿನ ಫೋನು ಬೆಂಗಳೂರಿನ ತಾಣವನ್ನು ನೋಡಲು ಸಿಂಗಪುರ ಸುತ್ತಿ ಬರುವಾಗ ನಿಧಾನವಾಗುವುದು ಸಹಜ. ನೂರು ದೇಶಗಳಲ್ಲಿ ಸರ್ವರ್ ಇದೆ ಎಂಬ ಜಾಹೀರಾತಿಗಿಂತ ನಮಗೆ ಸಮೀಪದ ಒಂದೆರಡು ಸರ್ವರ್ ಎಷ್ಟು ಚುರುಕಾಗಿವೆ ಎಂಬುದೇ ದಿನನಿತ್ಯಕ್ಕೆ ಮುಖ್ಯ.

2025ರ ಜನವರಿಯಲ್ಲಿ ಸರ್ಕಾರದ ಆದೇಶದಂತೆ ಕೆಲವು ವಿಪಿಎನ್ ಆ್ಯಪ್‌ಗಳು ಭಾರತದ ಆ್ಯಪ್ ಅಂಗಡಿಗಳಿಂದ ತೆಗೆದುಹಾಕಲ್ಪಟ್ಟವು. ಇಂಥ ಹೊತ್ತಿನಲ್ಲಿ ಟೆಲಿಗ್ರಾಂ ಗುಂಪುಗಳಲ್ಲಿ, ಹೆಸರಿಲ್ಲದ ತಾಣಗಳಲ್ಲಿ ಹಂಚುವ ಎಪಿಕೆ ಕಡತಗಳನ್ನು, ಅದರಲ್ಲೂ ‘ಪ್ರೀಮಿಯಂ ಮಾಡ್’ ಎಂದು ಹಣದ ಆವೃತ್ತಿಯನ್ನು ಪುಕ್ಕಟೆ ಕೊಡುವಂಥವನ್ನು ಹಾಕಿಕೊಳ್ಳುವುದು ಎಲ್ಲಕ್ಕಿಂತ ದೊಡ್ಡ ಅಪಾಯ. ಕಾಲೇಜು ಹುಡುಗರಲ್ಲಿ ಈ ಅಭ್ಯಾಸ ಹೆಚ್ಚಾಗಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ: ಯಾರೋ ಬಿಚ್ಚಿ ತಿದ್ದಿದ ಆ್ಯಪ್‌ಗೆ ಫೋನಿನ ಇಡೀ ಸಂಚಾರವನ್ನು ಒಪ್ಪಿಸುವುದು ಬರಿಯ ವೈಫೈ ಬಳಸುವುದಕ್ಕಿಂತ ಕೆಟ್ಟದ್ದು.

ಇನ್ನು ಆ್ಯಪ್‌ನ ಒಳಗಿನ ಯಂತ್ರದ ವಿಚಾರ. ಫೋನು ಮತ್ತು ಸರ್ವರ್ ಯಾವ ವಿಧಾನದಲ್ಲಿ ಗೂಢಲಿಪಿಯ ಸಂಪರ್ಕ ಕಟ್ಟಿಕೊಳ್ಳುತ್ತವೆ ಎಂಬುದಕ್ಕೆ ಪ್ರೋಟೊಕಾಲ್ ಎಂದು ಹೆಸರು. ಪಿಪಿಟಿಪಿ ಎಂಬ ಹಳೆಯ ವಿಧಾನದ ಬೀಗವನ್ನು ಒಂದೇ ದಿನದೊಳಗೆ ಒಡೆಯಬಹುದೆಂದು 2012ರಲ್ಲಿ ತೋರಿಸಿಕೊಟ್ಟ ಮೇಲೆ ಅದು ಬಳಕೆಗೆ ಅನರ್ಹವಾಯಿತು. ಆ್ಯಪಲ್ 2016ರ ಐಒಎಸ್ 10ರಲ್ಲಿ ಅದನ್ನು ತೆಗೆಯಿತು, ಆಂಡ್ರಾಯ್ಡ್ 12ರಿಂದ ಹೊಸದಾಗಿ ಸೇರಿಸಲೂ ಬರುವುದಿಲ್ಲ. ಯಾವುದಾದರೂ ಸೇವೆ ಈಗಲೂ ಪಿಪಿಟಿಪಿ ಕೊಡುತ್ತಿದ್ದರೆ ಅದರ ಬೇರೆ ಗುಣಗಳನ್ನು ವಿಚಾರಿಸುವ ಅಗತ್ಯವಿಲ್ಲ. 2001ರಲ್ಲಿ ಜೇಮ್ಸ್ ಯೋನನ್ ಆರಂಭಿಸಿದ ಓಪನ್‌ವಿಪಿಎನ್ ದೀರ್ಘ ಕಾಲ ಪರೀಕ್ಷೆಗೆ ಒಳಗಾದದ್ದು. ಅದರ ದೊಡ್ಡ ಅನುಕೂಲವೆಂದರೆ ಸಾಮಾನ್ಯ ಜಾಲತಾಣಗಳು ಬಳಸುವ ಟಿಸಿಪಿ 443ನೇ ಪೋರ್ಟ್ ಮೂಲಕವೂ ಹೋಗಬಲ್ಲದು. ಕಾಲೇಜು ಇಲ್ಲವೇ ಕಚೇರಿಯ ಜಾಲದಲ್ಲಿ ಬೇರೆ ದಾರಿಗಳು ಮುಚ್ಚಿದ್ದಾಗ ಇದು ಕೈಹಿಡಿಯುತ್ತದೆ. ಬ್ಯಾಟರಿಯನ್ನು ಮಾತ್ರ ಹೆಚ್ಚು ತಿನ್ನುತ್ತದೆ.

ಜೇಸನ್ ಡೊನೆನ್‌ಫೆಲ್ಡ್ ರೂಪಿಸಿದ ವೈರ್‌ಗಾರ್ಡ್ ಎಂಬ ಪ್ರೋಟೊಕಾಲ್ 2020ರ ಮಾರ್ಚ್‌ನಲ್ಲಿ ಲಿನಕ್ಸ್ 5.6 ಕರ್ನೆಲ್‌ನ, ಅಂದರೆ ಆ ಕಾರ್ಯಾಚರಣೆ ವ್ಯವಸ್ಥೆಯ ತಿರುಳಿನ ಭಾಗವಾಯಿತು. ಅದರ ಮೂಲಸಂಕೇತ ಸುಮಾರು 4,000 ಸಾಲುಗಳಷ್ಟು. ಇಷ್ಟು ಚಿಕ್ಕದಾದ್ದರಿಂದ ತಜ್ಞರೊಬ್ಬರು ಕೂತು ಪೂರ್ತಿ ಓದಿ ದೋಷ ಹುಡುಕಬಹುದು. ಡೇಟಾ ಹರಿಯದಿರುವಾಗ ಅದು ಬಹುಮಟ್ಟಿಗೆ ಮೌನವಾಗಿರುವುದರಿಂದ ಬ್ಯಾಟರಿ ಉಳಿಯುತ್ತದೆ. ಫೋನಿನ ಐಪಿ ವಿಳಾಸ ಬದಲಾದರೂ ಸಂಪರ್ಕವನ್ನು ಹೊಸದಾಗಿ ಕಟ್ಟಬೇಕಿಲ್ಲ. ಕ್ಯಾತ್ಸಂದ್ರ ದಾಟಿ ದಾಬಸ್‌ಪೇಟೆ, ಯಶವಂತಪುರ ಎಂದು ರೈಲು ಸಾಗುವಾಗ ಸಿಗ್ನಲ್ ಹೋಗಿ ಬಂದು ಮಾಡುವುದು, ಮನೆಯ ವೈಫೈನಿಂದ ಮೊಬೈಲ್ ಡೇಟಾಕ್ಕೆ ಫೋನು ಜಿಗಿಯುವುದು ನಮಗೆ ನಿತ್ಯದ ಅನುಭವ. ಪ್ರತಿ ಸಲವೂ ಸಂಪರ್ಕ ಕಡಿದು ಮತ್ತೆ ಜೋಡಣೆಯಾಗುವ ಆ್ಯಪ್ ಇಲ್ಲಿ ತಾಳ್ಮೆಗೆಡಿಸುತ್ತದೆ. ಈ ವಿಷಯದಲ್ಲಿ ವೈರ್‌ಗಾರ್ಡ್‌ಗೆ ಸಮನಾಗಿ ನಿಲ್ಲುವುದು ಐಕೆಇವಿ2 ಎಂಬ ಪ್ರೋಟೊಕಾಲ್. ಜಾಲದಿಂದ ಜಾಲಕ್ಕೆ ಸರಿಯುವುದಕ್ಕೆಂದೇ ಅದಕ್ಕೆ ಮೊಬೈಕ್ ಎಂಬ ವಿಸ್ತರಣೆ 2006ರಲ್ಲಿ ಸೇರಿತು, ಆಂಡ್ರಾಯ್ಡ್ ಮತ್ತು ಐಫೋನ್ ಎರಡರಲ್ಲೂ ಅದು ಫೋನಿನೊಂದಿಗೇ ಬಂದಿರುತ್ತದೆ. ವೈರ್‌ಗಾರ್ಡ್ ಟಿಸಿಪಿ ಬಿಟ್ಟು ಯುಡಿಪಿ ಎಂಬ ಇನ್ನೊಂದು ಸಾಗಣೆ ವಿಧಾನದ ಮೂಲಕ ಮಾತ್ರ ಹೋಗುವುದರಿಂದ ಕೆಲವು ಜಾಲಗಳಲ್ಲಿ ತಡೆಗೆ ಸಿಕ್ಕಿಕೊಳ್ಳುತ್ತದೆ. ಹೀಗಾಗಿ ಮೊದಲು ವೈರ್‌ಗಾರ್ಡ್, ಅದು ನಡೆಯದ ಕಡೆ ಓಪನ್‌ವಿಪಿಎನ್ ಟಿಸಿಪಿ ಎಂಬ ಎರಡು ದಾರಿಗಳೂ ಇರುವ ಆ್ಯಪ್ ನಮ್ಮ ಕಡೆಯ ಬಳಕೆಗೆ ಚೆನ್ನಾಗಿ ಒಗ್ಗುತ್ತದೆ. ಸಂಪರ್ಕವಾದರೂ ಕೆಲವು ಪುಟಗಳು ಅರ್ಧಕ್ಕೇ ನಿಂತರೆ ಎಂಟಿಯು ಎಂಬ ಸಂಖ್ಯೆಯನ್ನು (ಒಂದು ಸಲಕ್ಕೆ ಕಳಿಸುವ ಡೇಟಾ ಪೊಟ್ಟಣದ ಗರಿಷ್ಠ ಗಾತ್ರ) 1280ಕ್ಕೆ ಇಳಿಸಿ ನೋಡುವ ಅವಕಾಶವೂ ಆ್ಯಪ್‌ನಲ್ಲಿದ್ದರೆ ಒಳ್ಳೆಯದು.

ಸಂಪರ್ಕ ಕಡಿದಾಗ ಏನಾಗುತ್ತದೆ ಎಂಬುದು ಮುಂದಿನ ಪ್ರಶ್ನೆ. ವಿಪಿಎನ್ ನಿಂತ ಕ್ಷಣದಲ್ಲಿ ಫೋನು ಏನನ್ನೂ ಹೇಳದೆ ಸಾಮಾನ್ಯ ದಾರಿಗೆ ಮರಳುತ್ತದೆ, ನಿಮ್ಮ ನಿಜವಾದ ವಿಳಾಸ ಹೊರಬೀಳುತ್ತದೆ. ಇದನ್ನು ತಡೆಯುವ ವ್ಯವಸ್ಥೆಗೆ ಕಿಲ್ ಸ್ವಿಚ್ ಎನ್ನುತ್ತಾರೆ. ಆ್ಯಪ್‌ನೊಳಗಿನ ಕಿಲ್ ಸ್ವಿಚ್‌ಗಿಂತ ಆಂಡ್ರಾಯ್ಡ್‌ನದೇ ವ್ಯವಸ್ಥೆ ಹೆಚ್ಚು ಭದ್ರ: ಸೆಟ್ಟಿಂಗ್ಸ್‌ನ ವಿಪಿಎನ್ ಭಾಗದಲ್ಲಿ ಆ್ಯಪ್‌ನ ಹೆಸರಿನ ಪಕ್ಕದ ಚಕ್ರವನ್ನು ಒತ್ತಿದರೆ ‘ಆಲ್ವೇಸ್-ಆನ್ ವಿಪಿಎನ್’, ‘ಬ್ಲಾಕ್ ಕನೆಕ್ಷನ್ಸ್ ವಿದೌಟ್ ವಿಪಿಎನ್’ ಎಂಬ ಎರಡು ಗುಂಡಿಗಳು ಸಿಗುತ್ತವೆ, ಮೊದಲನೆಯದು ಆಂಡ್ರಾಯ್ಡ್ 7ರಿಂದ, ಎರಡನೆಯದು ಆಂಡ್ರಾಯ್ಡ್ 8ರಿಂದ ಇದೆ. ನೀವು ಆರಿಸುವ ಆ್ಯಪ್ ಇವೆರಡಕ್ಕೂ ಹೊಂದಿಕೊಳ್ಳಬೇಕು. ಹಲವು ಕಂಪನಿಗಳ ಫೋನುಗಳು ಬ್ಯಾಟರಿ ಉಳಿಸಲೆಂದು ಹಿನ್ನೆಲೆಯ ಆ್ಯಪ್‌ಗಳನ್ನು ನಿಲ್ಲಿಸಿಬಿಡುವುದರಿಂದ, ವಿಪಿಎನ್ ಆ್ಯಪ್‌ಗೆ ಬ್ಯಾಟರಿ ನಿರ್ಬಂಧದಿಂದ ವಿನಾಯಿತಿಯನ್ನೂ ಕೊಡಬೇಕಾಗುತ್ತದೆ. ಈ ಬೀಗವೂ ಪರಿಪೂರ್ಣವಲ್ಲ: ಜಾಲ ಸರಿಯಿದೆಯೇ ಎಂದು ಆಂಡ್ರಾಯ್ಡ್ ತಾನೇ ಕಳಿಸುವ ಪರೀಕ್ಷಾ ಬೇಡಿಕೆಗಳು ವಿಪಿಎನ್ ಹೊರಗೇ ಹೋಗುತ್ತವೆಂದು 2022ರಲ್ಲಿ ಮುಲ್‌ವಾಡ್ ಪ್ರಕಟಿಸಿತು. ಐಫೋನಿನಲ್ಲಿ ವಿಪಿಎನ್ ಚಾಲೂ ಮಾಡುವ ಮೊದಲೇ ತೆರೆದಿದ್ದ ಸಂಪರ್ಕಗಳು ಹಾಗೆಯೇ ಉಳಿಯಬಹುದೆಂದು 2020ರಲ್ಲಿ ಪ್ರೋಟಾನ್ ತಿಳಿಸಿತ್ತು. ಪತ್ರಕರ್ತರು, ಹೋರಾಟಗಾರರು ಮೊದಲಾಗಿ ಜೀವ ಅಥವಾ ಕೆಲಸಕ್ಕೆ ಅಪಾಯವಿರುವವರು ಮಾತ್ರ ಇವನ್ನು ಗಂಭೀರವಾಗಿ ಪರಿಗಣಿಸಬೇಕು. ಉಳಿದವರಿಗೆ ಬೀಗ ಹಾಕಿರುವುದೇ ಸಾಕು.

ನಮ್ಮ ದೇಶದಲ್ಲಿ ವಿಶೇಷವಾಗಿ ನೋಡಬೇಕಾದ ಇನ್ನೊಂದು ಸೋರಿಕೆ ಹೊಸ ಬಗೆಯ ಐಪಿ ವಿಳಾಸವಾದ ಐಪಿವಿ6ನದು. ಜಿಯೊ ಮುಂತಾದ ಮೊಬೈಲ್ ಜಾಲಗಳು ಐಪಿವಿ6 ವಿಳಾಸವನ್ನು ವ್ಯಾಪಕವಾಗಿ ಕೊಡುತ್ತವೆ. ಹಳೆಯ ಬಗೆಯ ಐಪಿವಿ4 ಸಂಚಾರವನ್ನು ಮಾತ್ರ ಸುರಂಗದೊಳಗೆ (ವಿಪಿಎನ್‌ನ ಗೂಢಲಿಪಿಯ ಹಾದಿಯೊಳಗೆ) ತೆಗೆದುಕೊಂಡು, ಐಪಿವಿ6 ಅನ್ನು ಹೊರಗೇ ಬಿಡುವ ಆ್ಯಪ್ ಹಾಕಿಕೊಂಡರೆ ಅರ್ಧ ಸಂಚಾರ ಬಯಲಲ್ಲೇ ಸಾಗುತ್ತದೆ. ಮೇಲೆ ಹೇಳಿದ 2016ರ ಅಧ್ಯಯನದಲ್ಲಿ ಶೇ 84ರಷ್ಟು ಆ್ಯಪ್‌ಗಳು ಐಪಿವಿ6 ಸಂಚಾರವನ್ನೂ, ಶೇ 66ರಷ್ಟು ಡಿಎನ್‌ಎಸ್ ವಿಚಾರಣೆಯನ್ನೂ ಸುರಂಗದೊಳಗೆ ಒಯ್ಯುತ್ತಿರಲಿಲ್ಲ. ಇದನ್ನು ಪರೀಕ್ಷಿಸುವುದು ಸುಲಭ. ವಿಪಿಎನ್ ಇಲ್ಲದೆ ಐಪಿ ವಿಳಾಸ ತೋರಿಸುವ ತಾಣವೊಂದನ್ನು ತೆರೆದು ಐಪಿವಿ4, ಐಪಿವಿ6 ಎರಡನ್ನೂ ಬರೆದುಕೊಳ್ಳಿ. ವಿಪಿಎನ್ ಚಾಲೂ ಮಾಡಿ ಮತ್ತೆ ನೋಡಿ. ಮೊದಲಿನ ಯಾವ ವಿಳಾಸವೂ ಕಾಣಬಾರದು, ಡಿಎನ್‌ಎಸ್ ಪರೀಕ್ಷೆಯಲ್ಲಿ ನಿಮ್ಮ ಮೊಬೈಲ್ ಕಂಪನಿಯ ಹೆಸರು ಬರಬಾರದು. ಮೊಬೈಲ್ ಡೇಟಾದಲ್ಲಿ ಒಮ್ಮೆ, ವೈಫೈನಲ್ಲಿ ಒಮ್ಮೆ ಹೀಗೆ ನೋಡಬೇಕು.

ದಿನನಿತ್ಯದ ಇನ್ನೊಂದು ತೊಡಕು ಬ್ಯಾಂಕ್ ಮತ್ತು ಯುಪಿಐ ಆ್ಯಪ್‌ಗಳದು. ಸಂಪರ್ಕ ವಿದೇಶದಿಂದ ಬರುತ್ತಿರುವಂತೆ ಕಂಡಾಗ ಅಥವಾ ವಿಪಿಎನ್ ಇರುವುದನ್ನು ಗುರುತಿಸಿದಾಗ ಅವುಗಳಲ್ಲಿ ಹಲವು ತೆರೆಯುವುದೇ ಇಲ್ಲ. ತರಕಾರಿ ಅಂಗಡಿಯ ಮುಂದೆ ನಿಂತು ಪ್ರತಿ ಸಲ ವಿಪಿಎನ್ ಬಂದ್ ಮಾಡಿ ಮತ್ತೆ ಚಾಲೂ ಮಾಡುತ್ತಿದ್ದರೆ ಯಾರೂ ನಾಲ್ಕು ದಿನಕ್ಕಿಂತ ಹೆಚ್ಚು ಬಳಸುವುದಿಲ್ಲ. ಆಯ್ದ ಆ್ಯಪ್‌ಗಳನ್ನು ಸುರಂಗದ ಹೊರಗಿಡುವ ಸ್ಪ್ಲಿಟ್ ಟನಲಿಂಗ್ ಸೌಲಭ್ಯ ಇದಕ್ಕೆ ಪರಿಹಾರ. ಆಂಡ್ರಾಯ್ಡ್‌ನಲ್ಲಿ ಒಳ್ಳೆಯ ಕ್ಲೈಂಟ್‌ಗಳೆಲ್ಲ ಇದನ್ನು ಕೊಡುತ್ತವೆ. ಐಫೋನಿನಲ್ಲಿ ಸಾಮಾನ್ಯ ಬಳಕೆದಾರರಿಗೆ ಆ್ಯಪ್ ಆ್ಯಪ್‌ಗೆ ಬೇರೆ ಮಾಡುವ ಈ ಅವಕಾಶ ಇಲ್ಲ, ಆದ್ದರಿಂದ ಅಲ್ಲಿ ಚಾಲೂ-ಬಂದ್ ಮಾಡುವುದು ಸಲೀಸಾಗಿರುವ ಆ್ಯಪ್ ನೋಡಿಕೊಳ್ಳಬೇಕು. ಕಿಲ್ ಸ್ವಿಚ್‌ನ ಎರಡನೆಯ ಗುಂಡಿ ಒತ್ತಿದಾಗ ಹೊರಗಿಟ್ಟ ಆ್ಯಪ್‌ಗಳಿಗೂ ಅಂತರಜಾಲ ಸಿಗದೆ ಹೋಗಬಹುದೆಂಬುದು ಗಮನದಲ್ಲಿರಲಿ. ಎರಡನ್ನೂ ಪೂರ್ತಿ ಪಡೆಯಲು ಬರುವುದಿಲ್ಲ.

ಹೆಚ್ಚಿನವರಿಗೆ ಹೊಳೆಯದ ಒಂದು ಆಯ್ಕೆಯಿದೆ: ಸೇವೆಯನ್ನೂ ಕ್ಲೈಂಟ್ ಆ್ಯಪನ್ನೂ ಬೇರೆ ಬೇರೆ ಕಡೆಯಿಂದ ತೆಗೆದುಕೊಳ್ಳಬಹುದು. ವೈರ್‌ಗಾರ್ಡ್ ಯೋಜನೆಯದೇ ಆ್ಯಪ್, ಓಪನ್‌ವಿಪಿಎನ್‌ಗೆ ಓಪನ್‌ವಿಪಿಎನ್ ಫಾರ್ ಆಂಡ್ರಾಯ್ಡ್, ಐಕೆಇವಿ2ಗೆ ಸ್ಟ್ರಾಂಗ್‌ಸ್ವಾನ್ ಇವೆಲ್ಲ ಮೂಲಸಂಕೇತ ತೆರೆದಿರುವ, ಜಾಹೀರಾತಿಲ್ಲದ, ಯಾವ ಕಂಪನಿಯ ಸೇವೆಗೂ ಕಟ್ಟುಬೀಳದ ಉಚಿತ ಕ್ಲೈಂಟ್‌ಗಳು. ಒಳ್ಳೆಯ ಸೇವೆಗಳು ತಮ್ಮ ಸಂರಚನಾ ಕಡತವನ್ನು ಅಥವಾ ಕ್ಯೂಆರ್ ಕೋಡನ್ನು ಕೊಡುತ್ತವೆ. ಅದನ್ನು ಈ ಕ್ಲೈಂಟ್‌ನಿಂದ ಸ್ಕ್ಯಾನ್ ಮಾಡಿದರೆ ಮುಗಿಯಿತು. ಗೋದಾಮಿನ ವರ್ತಕರಿಗೂ, ಸ್ವಂತ ಸರ್ವರ್ ನಡೆಸುವ ವಿದ್ಯಾರ್ಥಿಗೂ ಇದೇ ದಾರಿ. ಕಂಪನಿಯ ಆ್ಯಪ್‌ನಲ್ಲಿ ಏನು ಸೇರಿಸಿದ್ದಾರೋ ಎಂಬ ಚಿಂತೆಯೂ ಇದರಿಂದ ತಪ್ಪುತ್ತದೆ. ಸರ್ವರ್ ಬದಲಿಸುವ ಸುಂದರ ಭೂಪಟ ಮಾತ್ರ ಇಲ್ಲಿ ಇರುವುದಿಲ್ಲ. ತಮ್ಮ ಸೇವೆಯನ್ನು ಹೀಗೆ ಬೇರೆ ಕ್ಲೈಂಟ್‌ನಲ್ಲಿ ಬಳಸಲು ಬಿಡದ ಕಂಪನಿಗಿಂತ ಬಿಡುವ ಕಂಪನಿಯನ್ನು ನಾನು ಮೇಲೆ ಇಡುತ್ತೇನೆ.

ಹಣ ಕೊಡುವಾಗ ಆರಂಭದಲ್ಲಿ ಒಂದು ತಿಂಗಳಿಗಷ್ಟೇ ಕೊಳ್ಳುವುದು ಒಳ್ಳೆಯದು. ಮೂರು ವರ್ಷದ ರಿಯಾಯಿತಿ, ಜೀವಮಾನದ ಸದಸ್ಯತ್ವ ಎಂಬ ಕೊಡುಗೆಗಳಲ್ಲಿ ಕಂಪನಿ ಕೈ ಬದಲಾದರೂ, ಸೇವೆ ಕೆಟ್ಟರೂ ಹಣ ಅಲ್ಲಿಯೇ ಸಿಕ್ಕಿಕೊಂಡಿರುತ್ತದೆ. ಆ ತಿಂಗಳಲ್ಲಿ ಮನೆಯಲ್ಲಿ, ರೈಲಿನಲ್ಲಿ, ಕಾಲೇಜಿನ ವೈಫೈನಲ್ಲಿ, ಸಂಜೆ ಜಾಲ ದಟ್ಟವಾಗಿರುವ ಹೊತ್ತಿನಲ್ಲಿ ಬಳಸಿ ನೋಡಬೇಕು. ಮೇಲೆ ಹೇಳಿದ ಸೋರಿಕೆಯ ಪರೀಕ್ಷೆಯನ್ನು ಮಾಡಿಕೊಳ್ಳಬೇಕು. ಬೇಡವೆನಿಸಿದರೆ ಆ್ಯಪ್ ಅಳಿಸಿದ ಮಾತ್ರಕ್ಕೆ ಚಂದಾ ನಿಲ್ಲುವುದಿಲ್ಲ. ಪ್ಲೇ ಸ್ಟೋರ್ ಅಥವಾ ಆ್ಯಪ್ ಸ್ಟೋರ್‌ನ ಚಂದಾ ಪುಟದಲ್ಲಿ ಅದನ್ನು ರದ್ದುಪಡಿಸಿ, ಯುಪಿಐ ಆ್ಯಪ್‌ನ ಆಟೊಪೇ ಪಟ್ಟಿಯಲ್ಲಿಯೂ ಅದು ಉಳಿದಿಲ್ಲವೆಂದು ನೋಡಿಕೊಳ್ಳಬೇಕು. ಐಫೋನಿನಲ್ಲಿ ಕೈಯಿಂದ ಸೇರಿಸಿದ ಸಂರಚನೆ ಇದ್ದರೆ ಸೆಟ್ಟಿಂಗ್ಸ್‌ನ ಜನರಲ್ ಭಾಗದಲ್ಲಿರುವ ವಿಪಿಎನ್ ಪಟ್ಟಿಯಿಂದ ಅದನ್ನೂ ತೆಗೆಯಬೇಕು. ಆಂಡ್ರಾಯ್ಡ್‌ನಲ್ಲಿ ಆಲ್ವೇಸ್-ಆನ್ ಗುಂಡಿಯನ್ನು ಮೊದಲು ಬಂದ್ ಮಾಡಿ, ಬಳಿಕ ಆ್ಯಪ್ ಅಳಿಸಬೇಕು.